ಗೆರೆ ದಾಟದ ಕೆಂಪು

ಅಕ್ಕನಿಗೆ ಅಂದು ಮೊದಲು ಕೋಪ ಬಂದದ್ದು ತಮ್ಮನ ಮೇಲಲ್ಲ, ಅವನ ಮೆಟ್ಟಿಲುಗಳ ಮೇಲೆ. ದರ್ಜಿ ಅಂಗಡಿಯ ಹಿಂಬದಿಯಿಂದ ಮನೆಗೆ ಹತ್ತುವ ಆ ಮೆಟ್ಟಿಲುಗಳು ಮೊದಲೇ ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲಾಗದಷ್ಟು ಇಕ್ಕಟ್ಟು. ಸಾಲದ್ದಕ್ಕೆ ಒಂದೊಂದು ಮೆಟ್ಟಿಲ ಮೇಲೂ ಒಂದೊಂದು ಬಟ್ಟೆಯ ಗಂಟು. ಹೋಟೆಲಿನ ಲಾಂಡ್ರಿಯಲ್ಲಿ ಬೆಳಗಿನಿಂದ ನಿಂತೇ ಇದ್ದ ಅವಳ ಕಾಲುಗಳು ತಮ್ಮದೇ ಭಾಷೆಯಲ್ಲಿ ಅವಳನ್ನು ಬೈಯುತ್ತಿದ್ದವು. ಗಂಟುಗಳನ್ನು ಮೊಣಕಾಲಿನಿಂದ ಪಕ್ಕಕ್ಕೆ ನೂಕುತ್ತಾ, “ಕಪಾಟು ಅನ್ನೋ ವಸ್ತು ಲೋಕದಲ್ಲಿದೆ ಅಂತ ಇವನಿಗೆ ಯಾರಾದ್ರೂ ಹೇಳಬಾರದಾ” ಎಂದು ಗೊಣಗುತ್ತಾ ಮೇಲೆ ಬಂದಳು.

ತಮ್ಮನನ್ನು ಊರೆಲ್ಲ ಕರೆಯುವುದು ಗುಂಡಿ ಎಂದು. ಅಂಬೆಗಾಲಿಡುವ ವಯಸ್ಸಿನಲ್ಲಿ ಅಪ್ಪನ ಡಬ್ಬಿಯಿಂದ ಕೋಟಿನ ಗುಂಡಿಯೊಂದನ್ನು ನುಂಗಿ ಮನೆಯವರೆಲ್ಲರೂ ಅವನ ಹಿಂದೆ ಹಿಂದೆ ಸುತ್ತುವಂತೆ ಮಾಡಿದ್ದ. ನುಂಗಿದ್ದು ಹೊರಗೆ ಬಂತು, ಹೆಸರು ಮಾತ್ರ ಒಳಗೇ ಉಳಿಯಿತು. ಈಗ ತಲೆ ಅರ್ಧ ಬೋಳಾಗಿ, ಕನ್ನಡಕ ಮೂಗಿನ ತುದಿಗೆ ಜಾರಿ, ಅಪ್ಪ ಕೂರುತ್ತಿದ್ದ ಜಾಗದಲ್ಲೇ ಕೂತು ಅಪ್ಪನ ಹಾಗೆಯೇ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ದಿನವಿಡೀ ಬಟ್ಟೆ ಕತ್ತರಿಸುತ್ತಿದ್ದ. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಂಡವನಲ್ಲ. ಅಪ್ಪನನ್ನು ನೋಡಿಕೊಳ್ಳುವುದು, ಅಂಗಡಿ ನೋಡಿಕೊಳ್ಳುವುದು, ಇಷ್ಟೇ ಅವನ ಪ್ರಪಂಚ.

ಅಪ್ಪನ ಎಡಗಾಲಿನ ಹರಡು, ಅಂದರೆ ಪಾದದ ಮೇಲಿನ ಗಂಟು, ಕೆಂಪಾಗಿ ಊದಿಕೊಂಡದ್ದು ಹೋದ ವಾರ. ಬೀದಿಯ ತುದಿಯ ಕ್ಲಿನಿಕ್ಕಿನ ಡಾಕ್ಟರು ಮನೆಗೇ ಬಂದು ನೋಡಿ, ಚರ್ಮದ ಸೋಂಕು ಎಂದು ಮಾತ್ರೆ ಬರೆದುಕೊಟ್ಟಿದ್ದರು. ಹೋಗುವ ಮುಂಚೆ ಜೇಬಿನಿಂದ ಪೆನ್ನು ತೆಗೆದು, ಕೆಂಪು ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಚರ್ಮದ ಮೇಲೆಯೇ ಸುತ್ತಲೂ ಒಂದು ಗೆರೆ ಎಳೆದು, “ಕೆಂಪು ಈ ಗೆರೆ ದಾಟಿದ್ರೆ, ಇಲ್ಲಾ ಜ್ವರ ಬಂದ್ರೆ, ತಕ್ಷಣ ನನಗೆ ತಿಳಿಸ್ಬೇಕು” ಎಂದಿದ್ದರು. ಅಕ್ಕನಿಗೆ ಬರಲಾಗಿರಲಿಲ್ಲ. ಮಗಳ ಪರೀಕ್ಷೆ, ಲಾಂಡ್ರಿಯಲ್ಲಿ ಇಬ್ಬರು ರಜೆ, ಮನೆಯ ಕೆಲಸ ತಲೆಯ ಮೇಲೆ. ದಿನಾ ಸಂಜೆ ಫೋನಿನಲ್ಲೇ ಕೇಳುತ್ತಿದ್ದಳು: “ಹೇಗಿದ್ಯೋ ಕಾಲು?” ದಿನಾ ಒಂದೇ ಉತ್ತರ: “ಗೆರೆ ದಾಟಿಲ್ಲ ಅಕ್ಕ. ಜ್ವರಾನೂ ಇಲ್ಲ.” ಅವಳು ನೆಮ್ಮದಿಯಿಂದ ಫೋನ್ ಇಟ್ಟು ಅನ್ನಕ್ಕೆ ಇಡುತ್ತಿದ್ದಳು.

ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಎರಡೂ ಕಾಲು ನೆಲಕ್ಕೆ ಇಳಿಬಿಟ್ಟು, ಇಸ್ತ್ರಿ ಮಾಡಿದ ಪ್ಯಾಂಟು ಧರಿಸಿ ಕೂತಿದ್ದರು. ಅವಳನ್ನು ನೋಡಿದ್ದೇ ಮುಖ ಅರಳಿತು.

“ಬನ್ನಿ ಬನ್ನಿ. ಕೋಟು ತಾನೆ? ನಿಮ್ಮ ಬಲ ಭುಜ ಸ್ವಲ್ಪ ಇಳಿದಿದೆ, ಒಳಗೆ ಹತ್ತಿ ಇಟ್ಟು ಸರಿ ಮಾಡೋಣ.”

“ಅಪ್ಪಾ, ನಾನು.”

“ಗೊತ್ತು ಗೊತ್ತು. ಹೋದ ಸಲ ಅರ್ಜೆಂಟು ಅರ್ಜೆಂಟು ಅಂತ ಪ್ರಾಣ ತಿಂದು, ಹೊಲಿದಿಟ್ಟ ಮೇಲೆ ಮುಖಾನೇ ತೋರಿಸ್ಲಿಲ್ಲ ನೀವು.”

ಗುಂಡಿ ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತು ನಗುತ್ತಿದ್ದ. “ಬೆಳಗಿನಿಂದ ಇದೇ ತಮಾಷೆ ಅಕ್ಕ. ನನ್ನನ್ನ ಯಾರು ಅಂದ್ರು ಗೊತ್ತಾ? ಕರೆಂಟ್ ಮೀಟರ್ ನೋಡೋನು ಅಂದ್ರು! ರೀಡಿಂಗ್ ಬರ್ಕೊಂಡು ಹೊರಡಪ್ಪ ಅಂದ್ರು.”

“ನಮ್ಮಪ್ಪ ಯಾವತ್ತೋ ತಮಾಷೆ ಮಾಡಿದ್ದು?” ಅಕ್ಕ ತಿರುಗಿದಳು. “ನಾನು ಹುಟ್ಟಿದಾಗಿಂದ ನೋಡ್ತಿದ್ದೀನಿ, ಈ ಮನುಷ್ಯ ಒಂದು ಜೋಕ್ ಹೇಳಿದ್ದು ಒಂದು ಸಲಾನಾದ್ರೂ ಕೇಳಿದ್ದೀಯಾ ನೀನು?”

ಗುಂಡಿಯ ನಗು ಅರ್ಧಕ್ಕೇ ನಿಂತಿತು. ನಿಜವಾಗಿಯೂ ಯೋಚಿಸಿದ. “ಇಲ್ಲ” ಎಂದ.

ಅವಳು ಅಪ್ಪನ ಹಣೆ ಮುಟ್ಟಿದಳು. ಬಿಸಿ ಇರಲಿಲ್ಲ, ತಣ್ಣಗೆ ಜಿಗಿಜಿಗಿ ಎನ್ನುತ್ತಿತ್ತು. ಕೂತಲ್ಲೇ ಕೂತವರು ಮೆಟ್ಟಿಲು ಹತ್ತಿ ಬಂದವರ ಹಾಗೆ ಏದುಸಿರು ಬಿಡುತ್ತಿದ್ದರು. ಪ್ಯಾಂಟಿನ ಬಲಗಾಲು ಎಂದಿನಂತೆ ಸಡಿಲವಾಗಿ ಇಳಿಬಿದ್ದಿತ್ತು. ಎಡಗಾಲು ಮಾತ್ರ ಒಂದೇ ಗವುಸಿಗೆ ಎರಡು ದಿಂಬು ತುರುಕಿದ ಹಾಗೆ ಬಿರಿಯುವಂತಿತ್ತು. ಹಾಸಿಗೆಯ ಕಡೆ ಕಣ್ಣು ಹಾಯಿಸಿದಳು. ಕಾಲು ಇಡುವ ಕಡೆ ಹಾಸು ಹಳದಿಯಾಗಿ ಒಣಗಿ, ಗಂಜಿ ಹಾಕಿದ ಹಾಗೆ ಸೆಟೆದು ನಿಂತಿತ್ತು.

“ಇದೇನೋ ಇದು?”

“ಸ್ವಲ್ಪ ನೀರು ಸೋರುತ್ತೆ ಅಕ್ಕ. ಬೆಳಿಗ್ಗೆ ಸಂಜೆ ಬಿಸಿನೀರಲ್ಲಿ ಬಟ್ಟೆ ಅದ್ದಿ ಮೆತ್ತಗೆ ಒರೆಸ್ತೀನಿ. ಚೆನ್ನಾಗೇ ನೋಡ್ಕೊಂಡಿದ್ದೀನಿ.”

“ಕಾಲನ್ನ ಮೇಲಿಟ್ಟು ಮಲಗಿಸ್ಬೇಕು ಅಂತ ಡಾಕ್ಟ್ರು ಹೇಳ್ಲಿಲ್ವಾ?”

“ಹೇಳಿದ್ರು. ಅಪ್ಪ ಕೇಳ್ಬೇಕಲ್ಲ! ಹಗಲು ಹೊತ್ತು ಮಲಗೋನು ಸೋಮಾರಿ ಅಂತಾರೆ. ಪ್ಯಾಂಟಿಲ್ಲದ ದರ್ಜಿ ಅಂದ್ರೆ ಬೀದಿ ನಗುತ್ತೆ ಅಂತಾರೆ.”

ಅಕ್ಕ ಬಗ್ಗಿ ಪ್ಯಾಂಟು ಮೇಲಕ್ಕೆ ಸರಿಸಲು ನೋಡಿದಳು. ಹರಡಿನಿಂದ ಒಂದು ಬೆರಳಿನಷ್ಟೂ ಮೇಲೇರಲಿಲ್ಲ. ಅಪ್ಪ ಅವಳ ಕೈಯ ಮೇಲೆ ಚಟ್ಟನೆ ಹೊಡೆದರು. “ಗಿರಾಕಿಗಳು ಕೌಂಟರ್ ಆಚೆ ನಿಲ್ಬೇಕು.”

ಗುಂಡಿ ಆಗಲೇ ಕ್ಲಿನಿಕ್ಕಿಗೆ ಫೋನ್ ಮಾಡಿದ್ದ. ಅವನ ಫೋನು ಕಿವಿಗಿಂತ ಕೋಣೆಗೇ ಹೆಚ್ಚು ಕೇಳಿಸುವಂಥದ್ದು. ಡಾಕ್ಟರ ಧ್ವನಿ ಅವಸರದಲ್ಲಿತ್ತು.

“ಕೆಂಪು ಗೆರೆ ದಾಟಿದ್ಯಾ?”

“ಇಲ್ಲ ಸರ್.”

“ಜ್ವರ?”

“ಇಲ್ಲ ಸರ್. ಈಗಷ್ಟೇ ನೋಡ್ದೆ.”

“ಮತ್ತೆ ಯಾಕಪ್ಪಾ ಗಾಬರಿ? ಮಾತ್ರೆ ಮುಂದುವರಿಸಿ. ವಯಸ್ಸಾದವರು ನೀರು ಕಮ್ಮಿ ಕುಡಿದ್ರೂ ಹೀಗೆ ಏನೇನೋ ಮಾತಾಡ್ತಾರೆ. ನಾಳೆ ಬಂದು ನೋಡ್ತೀನಿ.”

ಅಕ್ಕ ಫೋನು ಕಿತ್ತುಕೊಂಡಳು. “ಡಾಕ್ಟ್ರೇ, ನಾನು ಮಗಳು. ನಮ್ಮಪ್ಪ ನನ್ನನ್ನೇ ಗುರುತು ಹಿಡೀತಿಲ್ಲ, ಉಸಿರು—” ಅಷ್ಟರಲ್ಲಿ ಆ ಕಡೆಯಿಂದ ಸದ್ದಿಲ್ಲ. ಇಟ್ಟಾಗಿತ್ತು.

ಅವಳಿಗೆ ಬಂದ ಕೋಪ ಇಡೀ ದಿನ ಕಾದ ಬಾಯ್ಲರಿನದು. “ನಾಳೆ ಬಂದು ನೋಡ್ತಾರಂತೆ! ನಾಳೆ ಇವರಿಗೆ ನೋಡೋಕೆ ಏನು ಉಳಿದಿರುತ್ತೋ! ಹಿಡಿ ಆ ಕಡೆ, ಅಪ್ಪನ್ನ ಎತ್ತು.”

“ಗೆರೆ ದಾಟಿಲ್ವಲ್ಲ ಅಕ್ಕ...”

“ನಿನ್ನ ಗೆರೆಗೆ ಬೆಂಕಿ ಬೀಳ! ಎತ್ತು ಅಂದೆ.”

ಮೆಟ್ಟಿಲ ಬಳಿ ಬಂದಾಗ ಗಂಟುಗಳು ಅಡ್ಡ. ಅಕ್ಕ ಅಪ್ಪನನ್ನು ಒಂದು ಕೈಯಲ್ಲಿ ಆತುಕೊಂಡೇ ಕಾಲಿನಿಂದ ಒಂದೊಂದನ್ನೂ ಒದ್ದಳು. ಅವು ಒಂದರ ಮೇಲೊಂದು ಉರುಳಿ ಅಂಗಡಿಯೊಳಗೆ ಬಿದ್ದವು. “ಅಯ್ಯೋ, ಅದು ಶಾಲೆಯವರ ಯೂನಿಫಾರ್ಮು” ಎಂದ ಗುಂಡಿ. ಅಕ್ಕ ಅವನ ಕಡೆ ನೋಡಿದ ನೋಟಕ್ಕೆ ತಾನೂ ಒಂದು ಗಂಟು ಒದ್ದ. ಇಬ್ಬರ ನಡುವೆ ತೂಗಾಡುತ್ತಾ ಇಳಿಯುತ್ತಿದ್ದ ಅಪ್ಪ ಮಾತ್ರ, “ನಿಧಾನ, ನಿಧಾನ, ಕ್ರೀಸು ಹಾಳಾಗುತ್ತೆ” ಎನ್ನುತ್ತಿದ್ದರು.

ಆಸ್ಪತ್ರೆಯ ಬಾಗಿಲಲ್ಲಿ ಸಿಕ್ಕ ಗಾಲಿಕುರ್ಚಿಯಲ್ಲಿ ಅಪ್ಪನನ್ನು ಕೂರಿಸಿ ತಳ್ಳಿಕೊಂಡು ಬಂದರೆ ತುರ್ತು ವಿಭಾಗದಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಗಾಜಿನ ಹಿಂದೆ ಕೂತ ಹೆಂಗಸು ತಲೆ ಎತ್ತದೆ ಕೇಳಿದಳು, “ಏನು ತೊಂದರೆ?”

“ಕಾಲಿಗೆ ಸೋಂಕು” ಎಂದ ಗುಂಡಿ.

“ಜ್ವರ ಎಷ್ಟಿದೆ?”

“ಜ್ವರ ಇಲ್ಲ ಮೇಡಂ.”

“ಹಾಗಾದ್ರೆ ಕೂತ್ಕೊಳಿ. ಕರೀತಾರೆ.”

“ಜ್ವರ ಇಲ್ಲಮ್ಮ, ಬುದ್ಧಿನೂ ಇಲ್ಲ!” ಅಕ್ಕನ ಧ್ವನಿಗೆ ಸಾಲುಸಾಲು ತಲೆಗಳು ತಿರುಗಿದವು. “ನಿನ್ನೆ ಇತ್ತು. ಇವತ್ತು ಹೆತ್ತ ಮಗಳನ್ನ ಗಿರಾಕಿ ಅಂತಿದ್ದಾರೆ. ತಲೆ ಎತ್ತಿ ಒಂದು ಸಲ ಅವರ ಉಸಿರು ನೋಡಿ. ನೋಡಿದ ಮೇಲೂ ಕೂತ್ಕೊಳಿ ಅಂದ್ರೆ ಕೂರ್ತೀನಿ, ನಿಮ್ಮ ಈ ಮೇಜಿನ ಮೇಲೇ ಕೂರ್ತೀನಿ.”

ಹೆಂಗಸು ತಲೆ ಎತ್ತಿದಳು. ಅಷ್ಟು ಹೊತ್ತಿಗೆ ಪಕ್ಕದಲ್ಲಿ ಹಾದುಹೋಗುತ್ತಿದ್ದ ನರ್ಸೊಬ್ಬರು ನಿಂತು, ಅಪ್ಪನ ಬೆರಳಿಗೆ ಒಂದು ಕ್ಲಿಪ್ಪು ಸಿಕ್ಕಿಸಿ, ಎದೆ ಏರಿಳಿಯುವುದನ್ನು ಗಡಿಯಾರ ಹಿಡಿದು ಎಣಿಸಿದರು. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. ಗಾಲಿಕುರ್ಚಿ ತಿರುಗಿಸಿಕೊಂಡು ಸೀದಾ ಒಳಗೆ ನಡೆದರು. ಒಳ್ಳೆಯ ಸುದ್ದಿಯಿದ್ದರೆ ಜನ ಇಷ್ಟು ಬೇಗ ನಡೆಯುವುದಿಲ್ಲ ಎಂದು ಅಕ್ಕನಿಗೆ ಗೊತ್ತಾಯಿತು.

ಪರದೆಯ ಹಿಂದಿನ ಮಂಚದ ಬಳಿ ಬಂದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಣ್ಣ ಕೆಳಗೆ ಕಪ್ಪು, ತೋಳಿನ ಮೇಲೆ ಯಾರದೋ ಔಷಧಿಯ ಕಲೆ. ಅಪ್ಪನ ಕೈ ಹಿಡಿದುಕೊಂಡೇ, “ತಾತಾ, ಈಗ ಎಲ್ಲಿದ್ದೀರಿ ಹೇಳಿ?” ಎಂದು ಕೇಳಿದರು.

“ಟ್ರಯಲ್ ರೂಮಲ್ಲಿ” ಎಂದರು ಅಪ್ಪ. ಸುತ್ತಲಿನ ಪರದೆ ನೋಡಿದರೆ ಅದೂ ತೀರಾ ತಪ್ಪು ಉತ್ತರವಾಗಿರಲಿಲ್ಲ.

“ಯಾವಾಗಿಂದ ಈ ಗೊಂದಲ? ಸಕ್ಕರೆ ಕಾಯಿಲೆ ಇದ್ಯಾ? ಹೃದಯದ್ದು, ಮೂತ್ರಪಿಂಡದ್ದು? ಯಾವುದಾದ್ರೂ ಔಷಧಿ ಒಗ್ಗಲ್ಲ ಅಂತ ಇದ್ಯಾ, ತುರಿಕೆ, ಮುಖ ಊದೋದು?” ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಹೃದಯಕ್ಕೆ ಒಂದು ಮಾತ್ರೆ ಇತ್ತು, ಉಳಿದದ್ದು ಏನಿಲ್ಲ. ಅಕ್ಕ ಉತ್ತರಿಸುತ್ತಾ ಹೋದಳು. ಆಮೇಲೆ ಡಾಕ್ಟರು, “ಕಾಲು ಪೂರ್ತಿ ನೋಡ್ಬೇಕು, ಪ್ಯಾಂಟ್ ತೆಗೀರಿ” ಎಂದರು.

ತೆಗೆಯಲಾಗಲಿಲ್ಲ. ಬೆಳಿಗ್ಗೆ ಸಲೀಸಾಗಿ ಏರಿದ್ದ ಪ್ಯಾಂಟು ಈಗ ಚರ್ಮದಂತೆ ಅಂಟಿಕೊಂಡಿತ್ತು. ನರ್ಸು ದೊಡ್ಡ ಕತ್ತರಿ ತಂದದ್ದೇ ತಡ, ಅಪ್ಪ ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಚೀರಿದರು. “ಮುಟ್ಟಿದ್ರೆ ನೋಡಿ! ಗುರುತಿಲ್ಲದೆ ಕತ್ತರಿ ಹಾಕೋ ಹಲ್ಕಾ ಜನ! ಇದು ಯಾರ ಬಟ್ಟೆ ಅಂತ ಗೊತ್ತಾ?”

“ಸಿಸ್ಟರ್, ಒಂದು ನಿಮಿಷ” ಗುಂಡಿ ಜೇಬಿನಿಂದ ಹೊಲಿಗೆ ಬಿಚ್ಚುವ ಪುಟ್ಟ ಬ್ಲೇಡು ತೆಗೆದ. “ಒಳಗಡೆ ಹೊಲಿಗೆ ಬಿಚ್ಕೊಂಡು ಬರ್ತೀನಿ. ಬಟ್ಟೆನೂ ಉಳಿಯುತ್ತೆ, ಅಪ್ಪಂಗೂ ಸಮಾಧಾನ.” ಹೇಳಿದವನೇ ಕನ್ನಡಕ ಸರಿಮಾಡಿಕೊಂಡು, ಕೆಳಗಿನ ಮಡಿಕೆಯಿಂದ, ಒಂದು ಹೊಲಿಗೆ, ಇನ್ನೊಂದು ಹೊಲಿಗೆ ಎಂದು ಶುರುಮಾಡಿಬಿಟ್ಟ.

ಅಕ್ಕ ನೋಡಿದಳು. ಅಪ್ಪನ ತುಟಿಗಳ ಬಣ್ಣ ನೋಡಿದಳು, ತಮ್ಮನ ಬೆರಳುಗಳ ತಾಳ್ಮೆ ನೋಡಿದಳು. ನರ್ಸಿನ ಕೈಯಿಂದ ಕತ್ತರಿ ಕಿತ್ತು, ತಮ್ಮನನ್ನು ಭುಜದಿಂದ ತಳ್ಳಿ, ಇಸ್ತ್ರಿಯ ಗೆರೆಯ ಮೇಲೆಯೇ ಕೆಳಗಿನಿಂದ ಸೊಂಟದವರೆಗೆ ಪರ್‍ರ್ ಎಂದು ಕತ್ತರಿಸಿ ಎಸೆದಳು. ಅಪ್ಪ ಅವಳ ಮುಖಕ್ಕೆ ಉಗುಳಿದರು. ಅವಳು ತೋಳಿನಿಂದ ಒರೆಸಿಕೊಂಡು, “ನೋಡಿ ಡಾಕ್ಟ್ರೇ” ಎಂದು ಪಕ್ಕಕ್ಕೆ ಸರಿದಳು.

ಕಾಲು ಕೆಂಪಾಗಿ, ಬಿಗಿದು, ಹೊಳೆಯುತ್ತಿತ್ತು. ಮೀನಖಂಡದ ಮೇಲೆ ನೀರು ತುಂಬಿದ ಬೊಬ್ಬೆಗಳು. ಆದರೆ ಎಲ್ಲರ ಕಣ್ಣು ನಿಂತದ್ದು ಬೇರೆ ಕಡೆ. ಹರಡಿನ ಮೇಲೆ ನೀಲಿ ಪೆನ್ನಿನ ಮಾಸಿದ ಒಂದು ಬಳೆ. ಅದರ ಮೇಲೆ ಇನ್ನೊಂದು, ದರ್ಜಿಗಳು ಗುರುತು ಹಾಕುವ ನೇರಳೆ ಪೆನ್ಸಿಲಿನದು. ಅದರ ಮೇಲೆ ಮತ್ತೊಂದು. ಮೀನಖಂಡದ ನಡುವೆ, ಮೊಣಕಾಲ ಕೆಳಗೆ, ಮೊಣಕಾಲ ಮೇಲೆ, ಒಂದಕ್ಕಿಂತ ಒಂದು ಹೊಸದು, ಮರ ಕಡಿದಾಗ ಕಾಣುವ ಸುತ್ತುಗಳ ಹಾಗೆ. ಕೊನೆಯದು ತೊಡೆಯ ಮೇಲೆ, ಆ ದಿನದ್ದೇ, ಅಚ್ಚುಕಟ್ಟಾಗಿ, ಕೈ ನಡುಗದೆ ಎಳೆದದ್ದು. ಕೆಂಪು ಅಲ್ಲಿಯವರೆಗೆ ಬಂದು ಸರಿಯಾಗಿ ಅಲ್ಲಿಗೇ ನಿಂತಿತ್ತು.

“ಇದನ್ನೆಲ್ಲ ಯಾರು ಹಾಕಿದ್ದು?” ಡಾಕ್ಟರು ಕೇಳಿದರು.

“ಕೆಳಗಿಂದು ಕ್ಲಿನಿಕ್ ಡಾಕ್ಟ್ರು. ಮಿಕ್ಕಿದ್ದೆಲ್ಲ ನಾನೇ.” ಗುಂಡಿ ಒಂದು ಹೆಜ್ಜೆ ಮುಂದೆ ಬಂದ. ಅವನ ಧ್ವನಿಯಲ್ಲಿ ಒಳ್ಳೆಯ ಕೆಲಸ ಒಪ್ಪಿಸುವವನ ವಿನಯವಿತ್ತು. “ಒರೆಸಿದಾಗೆಲ್ಲ ಗೆರೆ ಮಾಸಿ ಹೋಗ್ತಿತ್ತು ಮೇಡಂ. ಅಂಚು ಎಲ್ಲಿದೆ ನೋಡ್ಕೊಂಡು ದಿನಾ ಹೊಸದಾಗಿ ಹಾಕ್ತಿದ್ದೆ. ನೋಡಿ, ಒಂದು ಕೂದಲೆಳೆಯಷ್ಟೂ ದಾಟಿಲ್ಲ.”

ಡಾಕ್ಟರು ನರ್ಸಿನ ಕಡೆ ನೋಡಿದರು, ನರ್ಸು ನೆಲದ ಕಡೆ.

“ಗೆರೆ ಹಾಕೋದು ಕೆಂಪು ಓಡ್ತಿದ್ಯಾ ಅಂತ ತಿಳ್ಕೊಳ್ಳೋಕೆ” ಎಂದರು ಡಾಕ್ಟರು ಕೊನೆಗೆ, ಮೆಲ್ಲಗೆ. “ಕೆಂಪಿನ ಜೊತೆ ಗೆರೆನೂ ಓಡಿದ್ರೆ ಹೇಗೆ ಗೊತ್ತಾಗುತ್ತೆ?”

ಗುಂಡಿ ಅಪ್ಪನ ಕಾಲನ್ನು ಕೆಳಗಿನಿಂದ ಮೇಲಕ್ಕೆ ನೋಡಿದ. ಮತ್ತೆ ಮೇಲಿನಿಂದ ಕೆಳಕ್ಕೆ ನೋಡಿದ.

ಆಮೇಲೆ ಎಲ್ಲ ಬೇಗಬೇಗ ನಡೆಯಿತು. ಔಷಧಿ ಏರಿಸುವ ಮುಂಚೆಯೇ ಪರೀಕ್ಷೆಗೆ ಎರಡೂ ತೋಳಿನಿಂದ ರಕ್ತ ತೆಗೆದರು. ನರಕ್ಕೆ ಸೂಜಿ ಸೇರಿಸಿ ಔಷಧಿಯ ಬಾಟಲಿ ತೂಗುಹಾಕಿದರು, ಇನ್ನೊಂದು ಕಡೆ ಸಲೈನು. ಹೃದಯದ ಮಾತ್ರೆಯ ವಿಷಯ ನೆನಪಿಟ್ಟು ಸಲೈನನ್ನು ನೋಡಿ ನೋಡಿ ಬಿಟ್ಟರು. ಡಾಕ್ಟರು ಅಪ್ಪನ ಕಾಲ್ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಕಿರುಬೆರಳಿನ ಸಂದಿಯಲ್ಲಿ ಚರ್ಮ ಬೆಳ್ಳಗೆ ನೆನೆದು ಬಿರಿದಿತ್ತು. “ಇಲ್ಲಿಂದ ಒಳಗೆ ಹೋಗಿದೆ. ಸಂದಿಯಲ್ಲಿ ಬೂಷ್ಟಿನ ಥರದ ಸೋಂಕು ಮೊದಲೇ ಇತ್ತು, ಅದರ ಬಿರುಕೇ ಬಾಗಿಲು.” ಬಲಗಾಲಿನ ಜೊತೆ ಹೋಲಿಸಿ ನೋಡಿದರು. ರಕ್ತ ಹೆಪ್ಪುಗಟ್ಟಿದೆಯೇ ಎಂದು ಸ್ಕ್ಯಾನಿಗೆ ಬರೆದರು. ಶಸ್ತ್ರಚಿಕಿತ್ಸೆಯ ಡಾಕ್ಟರನ್ನೂ ಕರೆಸಿದರು. ಆತ ಬಂದು ಕಾಲನ್ನು ಅಲ್ಲಲ್ಲಿ ಒತ್ತಿ, ಚರ್ಮದ ಕೆಳಗೆ ಗಾಳಿಯ ಸದ್ದು ಬರುತ್ತದೆಯೇ, ಕೆಂಪಿಲ್ಲದ ಕಡೆಯೂ ನೋವಿದೆಯೇ ಎಂದು ನೋಡಿದ.

“ಈಗಿನ ಮಟ್ಟಿಗೆ ಆಳಕ್ಕೆ ಇಳಿದ ಹಾಗೆ ಕಾಣ್ತಿಲ್ಲ” ಎಂದ. “ಆದ್ರೆ ಕಪ್ಪು ಮಚ್ಚೆ ಬಂದ್ರೆ, ನೋವು ಇದ್ದಕ್ಕಿದ್ದ ಹಾಗೆ ಜಾಸ್ತಿಯಾದ್ರೆ, ತಡ ಮಾಡಲ್ಲ. ಕಾಲು ಕೊಯ್ದು ಕೆಟ್ಟ ಭಾಗ ತೆಗೀಬೇಕಾಗುತ್ತೆ. ಎಷ್ಟು ಉಳಿಯುತ್ತೆ ಅಂತ ಈಗಲೇ ಹೇಳಕ್ಕಾಗಲ್ಲ.”

“ಜ್ವರಾನೇ ಇರ್ಲಿಲ್ವಲ್ಲ ಡಾಕ್ಟ್ರೇ” ಎಂದಳು ಅಕ್ಕ, ಆ ಹೆಣ್ಣುಮಗಳಿಗೆ.

“ಈ ವಯಸ್ಸಿಗೆ ಮೈ ಬಿಸಿಯಾಗಲೇಬೇಕು ಅಂತಿಲ್ಲಮ್ಮ. ಎಷ್ಟೋ ಸಲ ತಲೆ ಕಲಸಿಹೋಗೋದೇ ಅವರ ಜ್ವರ.”

ಅಕ್ಕ ತಮ್ಮ ಇಬ್ಬರನ್ನೂ ಹೊರಗೆ ಕಳಿಸಿದರು. ಪಡಸಾಲೆಯಲ್ಲಿ ಒಂದು ಉದ್ದನೆಯ ಬೆಂಚು, ಎದುರಿಗೆ ಬಣ್ಣ ಕಿತ್ತುಬಂದ ಗೋಡೆ. ಅಕ್ಕ ಕೂರಲಿಲ್ಲ. ತಮ್ಮನ ಎದುರು ನಿಂತಳು.

“ದಿನಾ ಕೇಳ್ದೆ ನಾನು. ಪ್ರತಿ ದಿನ. ಏನಂದೆ ನೀನು ನಂಗೆ?”

“ದಾಟಿಲ್ಲ ಅಂದೆ.”

“ಹರಡಿಂದ ತೊಡೆವರೆಗೆ ಬಂದಿದೆಯಲ್ಲೋ ಮುಟ್ಠಾಳ! ಕಣ್ಣು ಕಾಣಿಸ್ತಿರ್ಲಿಲ್ವಾ? ಇಲ್ಲಿದ್ದದ್ದು ಅಲ್ಲಿಗೆ ಬಂದಿದ್ದು ಕಾಣಿಸ್ಲಿಲ್ವಾ ನಿಂಗೆ?”

“ಕಾಣಿಸ್ತು. ಆದ್ರೆ ಅವರು ಕೆಂಪು ಎಷ್ಟು ಮೇಲೆ ಬಂತು ಅಂತ ಕೇಳ್ಲಿಲ್ಲ ಅಕ್ಕ. ಗೆರೆ ದಾಟ್ತಾ ಅಂತ ಕೇಳಿದ್ರು.”

“ಅಂದ್ರೆ?”

“ಗೆರೆ ಒಳಗೇ ಇರ್ಬೇಕು ಅಂತ ನಾನು ತಿಳ್ಕೊಂಡೆ. ಇದ್ರೆ ಒಳ್ಳೇದು, ಹೊರಗೆ ಬಂದ್ರೆ ಕೆಟ್ಟದ್ದು.” ಅವನು ಗೋಡೆಯ ಮೇಲೆ ಬೆರಳಿನಿಂದ ಎಳೆದು ತೋರಿಸಿದ, ಅಲ್ಲಿ ಬಟ್ಟೆ ಹಾಸಿದ್ದ ಹಾಗೆ. “ಗುರುತು ಮಾಸಿದ್ರೆ ಅಂಚು ನೋಡ್ಕೊಂಡು ಮತ್ತೆ ಹಾಕೋದೇ ಅಲ್ವಾ ನಮ್ಮ ಕೆಲಸ? ಮಾಸಿದ ಗೆರೆ ಇಟ್ಕೊಂಡಿದ್ದಕ್ಕೆ ಚಿಕ್ಕಂದಿನಲ್ಲಿ ಅಪ್ಪ ಸ್ಕೇಲಲ್ಲಿ ಬೆರಳ ಗೆಣ್ಣಿಗೆ ಹೊಡೀತಿದ್ದದ್ದು ನಿಂಗೂ ನೆನಪಿದ್ಯಲ್ಲ.”

ನೆನಪಿತ್ತು. ಅದೇ ಅವಳಿಗೆ ಇನ್ನಷ್ಟು ಉರಿ ಹತ್ತಿಸಿತು. ಸುಳ್ಳು ಹೇಳಿದ್ದರೆ, ಸೋಮಾರಿತನ ಮಾಡಿದ್ದರೆ, ಕುಡಿದು ಬಿದ್ದಿದ್ದರೆ ಬೈಯಲು ಒಂದು ದಾರಿ ಇರುತ್ತಿತ್ತು. ಇವನು ಅಪ್ಪ ಕಲಿಸಿದ್ದನ್ನು ಅಪ್ಪನ ಮೇಲೆಯೇ, ಒಂದು ಹೊತ್ತೂ ತಪ್ಪಿಸದೆ, ನಿಷ್ಠೆಯಿಂದ ಮಾಡಿದ್ದ. ಆ ನಿಷ್ಠೆಯ ಕೊರಳಪಟ್ಟಿ ಹಿಡಿಯುವುದು ಹೇಗೆ? ತಾನೂ ಫೋನಿನಲ್ಲಿ ಒಂದು ಸಲವಾದರೂ ‘ಎಲ್ಲಿದೆ’ ಎಂದು ಕೇಳಿರಲಿಲ್ಲ. ಹೇಗಿದೆ ಎಂದಷ್ಟೇ ಕೇಳಿ, ಬೇಕಾದ ಉತ್ತರ ಸಿಕ್ಕಿತೆಂದು ಅನ್ನಕ್ಕೆ ಇಟ್ಟಿದ್ದಳು. ಅದನ್ನು ನೆನೆಯುವುದನ್ನು ಬಿಟ್ಟು ತಮ್ಮನ ತೋಳಿಗೆ ಗುದ್ದಿದಳು. ಒಂದಲ್ಲ, ಎರಡಲ್ಲ. ಅವನು ಸುಮ್ಮನೆ ಗುದ್ದಿಸಿಕೊಂಡ. ಹಾದುಹೋಗುತ್ತಿದ್ದ ಆಯಾ ಒಬ್ಬಳು, “ಇದು ಆಸ್ಪತ್ರೆ ಕಣಮ್ಮ” ಎಂದಳು. “ಗೊತ್ತು ಕಣಮ್ಮ, ಅದಕ್ಕೇ ಇಷ್ಟರಲ್ಲೇ ಬಿಟ್ಟಿದ್ದೀನಿ” ಎಂದಳು ಅಕ್ಕ.

ಆಗ ಅವನ ಫೋನು ಹೊಡೆದುಕೊಂಡಿತು. ಕ್ಲಿನಿಕ್ಕಿನ ಡಾಕ್ಟರು. ಕೊನೆಯ ರೋಗಿ ಹೋದ ಮೇಲೆ ನೆನಪಾಗಿರಬೇಕು. ಅಕ್ಕ ಅದನ್ನೂ ಕಿತ್ತುಕೊಂಡಳು, ನಡೆದದ್ದನ್ನು ಒಂದೇ ಉಸಿರಿಗೆ ಹೇಳಿದಳು.

“ಛೆ. ನಾನು ಸ್ಪಷ್ಟವಾಗಿ ಹೇಳಿದ್ದೆನಲ್ಲಮ್ಮ ಅವನಿಗೆ.”

“ಹೇಳಿದ್ರಿ ಡಾಕ್ಟ್ರೇ. ನೀವು ಹೇಳಿದ್ದು ಸರಿ. ಅವನಿಗೆ ಏನು ಅರ್ಥ ಆಯ್ತು ಅಂತ ಕೇಳಿದ್ರಾ?”

“ಅಷ್ಟೂ ಗೊತ್ತಾಗಲ್ವಾ ಮನುಷ್ಯಂಗೆ? ಗೆರೆನ ಯಾರಾದ್ರೂ ಸರಿಸ್ತಾರಾ?”

“ದರ್ಜಿ ಸರಿಸ್ತಾನೆ! ಜೀವಮಾನವೆಲ್ಲ ಅದನ್ನೇ ಮಾಡ್ತಾನೆ! ಅವನ ಮನೆಗೇ ಬಂದು, ಅವನ ಅಂಗಡಿ ದಾಟ್ಕೊಂಡೇ ಮೇಲೆ ಹತ್ತಿದ್ರಲ್ಲ ನೀವು? ಫೋನಲ್ಲಿ ಒಂದೇ ಒಂದು ಮಾತು, ಗೆರೆ ಈಗ ಎಲ್ಲಿದೆ ಅಂತ ಕೇಳಿದ್ರೆ ಅವನು ಹೇಳ್ತಿದ್ದ. ತೊಡೆ ಮೇಲಿದೆ ಸರ್ ಅಂತ ಹೇಳ್ತಿದ್ದ. ಅವನಿಗೆ ಸುಳ್ಳು ಹೇಳಕ್ಕೆ ಬರಲ್ಲ, ಆ ಕಲೆ ಅವನಿಗೆ ಒಲಿದೇ ಇಲ್ಲ. ನೀವು ಕೇಳಿದ್ದಕ್ಕೆ ನಿಜಾನೇ ಹೇಳಿದ್ದಾನೆ, ದಿನಾ. ನೀವು ಕೇಳಿದ್ದೇ ಅರ್ಧ!”

ಆ ಕಡೆಯಿಂದ ಬಂದದ್ದು ನಿಟ್ಟುಸಿರೋ, ಇನ್ನೇನೋ. “ಬಂದು ನೋಡ್ಬೇಕಿತ್ತು ನಾನು” ಎಂದರು ಡಾಕ್ಟರು. “ಬರ್ಬೇಕಿತ್ತು.”

“ಹೌದು, ಬರ್ಬೇಕಿತ್ತು” ಎಂದು ಅಕ್ಕ ಫೋನಿಟ್ಟಳು. ತಿರುಗಿದರೆ ಗುಂಡಿ ಅವಳನ್ನೇ ನೋಡುತ್ತಿದ್ದ, ಕಣ್ಣಲ್ಲಿ ನೀರು ತುಂಬಿಕೊಂಡು. ತಾನು ಇಷ್ಟು ಹೊತ್ತು ಅವನ ಪರವಾಗಿಯೇ ಜಗಳವಾಡಿದೆನೆಂದು ಅವಳಿಗೆ ಹೊಳೆದದ್ದು ಆಗ. ಅದಕ್ಕೂ ಕೋಪ ಬಂತು. “ಏನ್ ನೋಡ್ತೀಯಾ? ನಿನ್ನನ್ನ ಬಿಟ್ಟಿದ್ದೀನಿ ಅಂದ್ಕೋಬೇಡ” ಎಂದಳು.

ಅಪ್ಪನ ಕಾಲು ಉಳಿಯುತ್ತದೋ ಇಲ್ಲವೋ ಎಂದು ಎರಡು ಕಡೆಗೂ ಎಳೆದಾಡಿಸಿತು. ಮೊದಲ ಬೆಳಿಗ್ಗೆ ಕೆಂಪು ಇನ್ನೂ ಸ್ವಲ್ಪ ಏರಿತ್ತು. ಶಸ್ತ್ರಚಿಕಿತ್ಸೆಯ ಡಾಕ್ಟರು ಒಪ್ಪಿಗೆಯ ಕಾಗದ ಸಿದ್ಧವಾಗಿರಲಿ ಎಂದು ಹೇಳಿಹೋದ. ಅಕ್ಕ ಲಾಂಡ್ರಿಗೆ ಫೋನ್ ಮಾಡಿ, ರಜೆ ಕೊಟ್ಟರೆ ಕೊಡಿ, ಕೊಡದಿದ್ದರೂ ನಾನು ಬರುವುದಿಲ್ಲ ಎಂದಳು. ಮಗಳು ಪರೀಕ್ಷೆ ಮುಗಿಸಿ ಡಬ್ಬಿಯಲ್ಲಿ ಊಟ ತಂದು ಕೊಟ್ಟು ಹೋದಳು, ಚೆನ್ನಾಗಿ ಬರೆದೆಯಾ ಎಂದು ಕೇಳುವುದೂ ಮರೆತುಹೋಯಿತು. ರಕ್ತದ ವರದಿ ಬಂದ ಮೇಲೆ ಔಷಧಿ ಬದಲಾಯಿಸಿದರು. ಮಂಚದ ಕಾಲಬುಡ ಎತ್ತರಿಸಿ, ದಿಂಬಿನ ಮೇಲೆ ದಿಂಬು ಪೇರಿಸಿ ಕಾಲು ಮೇಲಿಟ್ಟರು. ಅಪ್ಪ ಎಚ್ಚರವಿದ್ದಾಗಲೆಲ್ಲ ಎದೆಯ ಮೇಲಿನ ಹೊದಿಕೆಯನ್ನು ಬೆರಳಿನಲ್ಲಿ ಅಳೆಯುತ್ತಿದ್ದರು. ಯಾವುದೋ ಕಾಲದ ಗಿರಾಕಿಯೊಬ್ಬನನ್ನು ಉದ್ದ ತೋಳಿನ ಕಳ್ಳ ಎಂದು ಬೈಯುತ್ತಿದ್ದರು.

ಮಾರನೆಯ ಬೆಳಿಗ್ಗೆ ಡಾಕ್ಟರು ಹೊದಿಕೆ ಸರಿಸಿ ಬಹಳ ಹೊತ್ತು ನೋಡಿದರು. ತೊಡೆಯ ಮೇಲಿನ ಚರ್ಮದಲ್ಲಿ ಸಣ್ಣ ಸಣ್ಣ ಸುಕ್ಕುಗಳೆದ್ದಿದ್ದವು. “ಊತ ಇಳೀತಿದೆ, ಅದಕ್ಕೇ ಸುಕ್ಕು. ಕೆಂಪು ಹಿಂದೆ ಸರೀತಿದೆ” ಎಂದರು. ಅಕ್ಕ ಆ ಸುಕ್ಕುಗಳನ್ನೇ ನೋಡುತ್ತಾ ನಿಂತಳು. ಜೀವನವಿಡೀ ಸುಕ್ಕು ತೆಗೆದು ಸಂಬಳ ಪಡೆದವಳು. ಇಷ್ಟು ಚೆಂದದ ಸುಕ್ಕು ಅವಳು ಕಂಡಿರಲಿಲ್ಲ.

ಆ ಮಧ್ಯಾಹ್ನ ಅಪ್ಪ ಕಣ್ಣು ಬಿಟ್ಟು ಅವಳನ್ನು ದಿಟ್ಟಿಸಿದರು. “ನೀನ್ಯಾಕೇ ಕೆಲಸಕ್ಕೆ ಹೋಗಿಲ್ಲ?”

ಅವಳು ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. ಮತ್ತೆ ತಿರುಗಿದಾಗ, “ನೀವು ಹೋಗೋಕೆ ಬಿಟ್ರೆ ತಾನೆ?” ಎಂದು ಗದರಿದಳು.

ಮನೆಗೆ ಕಳಿಸುವ ಮಾತು ಬಂದಾಗ ಅಕ್ಕ ಅಪ್ಪನನ್ನು ತನ್ನ ಮನೆಗೆ ಕರೆದೊಯ್ಯುತ್ತೇನೆ ಎಂದಳು. ಗುಂಡಿ ಎದುರಾಡಲಿಲ್ಲ, ಅದೇ ಅವಳಿಗೆ ಚುಚ್ಚಿತು. ಎದುರಾಡಿದ್ದು ಅಪ್ಪ. “ನಿನ್ನ ಮನೇಲಿ ನೀನು ಬೆಳಿಗ್ಗೆ ಹೋದ್ರೆ ಸಂಜೆ. ನಿನ್ನ ಮಗಳು ಕಾಲೇಜಿಗೆ. ನನ್ನ ಕಾಲ್ಬೆರಳು ಯಾರು ಒರೆಸ್ತಾರೆ, ನಿಮ್ಮ ಬೆಕ್ಕಾ? ಇವನು ಒರೆಸ್ತಾನೆ. ಇವನ ಕೈ ಮೆತ್ತಗಿದೆ.”

ಸತ್ಯ ಹೇಳುವ ಚಾಳಿ ಆ ಮನೆಯ ಗಂಡಸರಿಗೆಲ್ಲ ಇತ್ತು. ಅಕ್ಕ ಹಲ್ಲು ಕಚ್ಚಿ ಸ್ಟೂಲು ಎಳೆದು ತಮ್ಮನ ಎದುರು ಹಾಕಿಕೊಂಡಳು. ಡಾಕ್ಟರು ಆಗಷ್ಟೇ ಅಪ್ಪನ ಕಾಲಿಗೆ ಹೊಸ ಗೆರೆ ಹಾಕಿ, ಎಲ್ಲ ವಿವರಿಸಿ ಪಕ್ಕದ ಮಂಚಕ್ಕೆ ಹೋಗಿದ್ದರು. ಗುಂಡಿ ಪ್ರತಿ ಮಾತಿಗೂ ಸರಿ ಮೇಡಂ, ಸರಿ ಮೇಡಂ ಎಂದಿದ್ದ.

“ಸರಿ ಮೇಡಂ ಬಿಡು. ಏನು ಮಾಡ್ತೀಯಾ, ನಂಗೆ ಹೇಳು. ಅವರ ಮಾತಲ್ಲ, ನಿನ್ನ ಮಾತಲ್ಲಿ.”

“ಕಾಲು ಎತ್ತರದಲ್ಲಿಡ್ತೀನಿ.”

“ಎಷ್ಟು ಎತ್ತರ?”

“ಎತ್ತರ ಅಂದ್ರೆ... ಸ್ಟೂಲ್ ಮೇಲೆ.”

“ಎದೆಗಿಂತ ಎತ್ತರ ಅಂದ್ರಲ್ಲೋ ಅವರು! ಸ್ಟೂಲ್ ಎದೆಗಿಂತ ಎತ್ತರ ಇದ್ಯಾ?”

“ಇಲ್ಲ. ಮಲಗಿಸಿ, ದಿಂಬು ಹಾಕಿ.” ಅವನು ಬೆವರು ಒರೆಸಿಕೊಂಡ. “ಬೆರಳ ಸಂದಿ ತೊಳೆದು, ಒತ್ತಿ ಒಣಗಿಸಿ, ಮುಲಾಮು ಹಚ್ತೀನಿ. ಬೆಳಿಗ್ಗೆ, ಸಂಜೆ. ಬಿಳಿ ಹೋದ ಮೇಲೂ ಹಚ್ತೀನಿ, ಅವರು ಹೇಳೋವರೆಗೆ. ಕೆಂಪು ಹೋಯ್ತು ಅಂತ ಮಾತ್ರೆ ನಿಲ್ಲಿಸಲ್ಲ.”

“ಅಪ್ಪ ಏನಾದ್ರೂ ಅಡ್ಡಾದಿಡ್ಡಿ ಮಾತಾಡಿದ್ರೆ?”

“ತಮಾಷೆ ಅಂದ್ಕೊಳ್ಳಲ್ಲ. ಸೀದಾ ಇಲ್ಲಿಗೆ ಕರ್ಕೊಂಡು ಬರ್ತೀನಿ, ಜ್ವರ ಇರ್ಲಿ ಬಿಡ್ಲಿ.”

“ಡಾಕ್ಟ್ರು ಹಾಕಿದ ಗುರುತು ಮಾಸಿ ಹೋದ್ರೆ?”

ಅವನ ಬೆರಳುಗಳು ತಮ್ಮಷ್ಟಕ್ಕೆ ಜೇಬಿನ ಪೆನ್ಸಿಲಿನ ಕಡೆ ಸರಿದು, ಅಲ್ಲಿಂದ ಹಿಂದೆ ಬಂದವು. “ಮಾಸಿದ ಕಡೆಯೇ ಹಾಕ್ತೀನಿ. ಅಂಚು ನೋಡಲ್ಲ. ಜಾಗ ಗೊತ್ತಾಗ್ಲಿಲ್ಲ ಅಂದ್ರೆ ಹಾಕೋದೇ ಇಲ್ಲ, ಫೋನ್ ಮಾಡ್ತೀನಿ.”

“ಫೋನ್ ಮಾಡಿ?”

“ಕೆಂಪು ಎಲ್ಲಿದೆ ಅಂತ ಹೇಳ್ತೀನಿ. ಹರಡಲ್ಲೋ, ಮೀನಖಂಡದಲ್ಲೋ. ಅವರು ಕೇಳ್ದಿದ್ರೂ ಹೇಳ್ತೀನಿ.”

ಮಂಚದ ಮೇಲಿನಿಂದ ಅಪ್ಪ ಗೊಣಗಿದರು. “ಅವನಿಗೆ ಯಾಕೇ ಅಷ್ಟು ಕಾಟ ಕೊಡ್ತೀಯ? ಹೇಳಿದ್ನಲ್ಲ.”

“ನೀವು ಸುಮ್ನಿರಿ. ಅವನಾದ ಮೇಲೆ ನಿಮ್ಮ ಸರದಿ” ಎಂದು ಅಕ್ಕ ತಿರುಗಿಯೂ ನೋಡದೆ ಹೇಳಿದಳು. ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದಳು, ತಮ್ಮನ ಮೊಣಕಾಲಿಗೆ ತನ್ನ ಮೊಣಕಾಲು ತಾಗುವಷ್ಟು.

“ಮೊದಲಿಂದ ಹೇಳು. ಇನ್ನೊಂದು ಸಲ.”